ಖಾನಂ ಬ್ಯಾಗಿಗೆ ಹುಷಾರಿಲ್ಲ

ಇಂಕಾರಳ ಬಿಳಿ ರಿಬ್ಬನ್‌ಗೆ ಗಂಜಿ ಹಾಕುತ್ತಿದ್ದೆ. ನಾಳೆ ಸೆಪ್ಟೆಂಬರ್ ಒಂದು. ನನ್ನ ಮಗಳು ಶಾಲೆಗೆ ಸೇರುವ ದಿನ. ರಿಬ್ಬನ್ನಿನ ಹೂ ತಲೆಯ ಮೇಲೆ ಎಲೆಕೋಸಿನಷ್ಟು ದೊಡ್ಡದಾಗಿ ನಿಲ್ಲಬೇಕು. ನಮ್ಮಲ್ಲಿ ಅದೇ ಚಂದ. ಅಂಗಳದ ನಲ್ಲಿಯಲ್ಲಿ ಬೆಳಗ್ಗೆ ಅರ್ಧ ಗಂಟೆ ಮಾತ್ರ ನೀರು ಬರುತ್ತದೆ. ಕ್ಯೂ ನಿಂತು ಎರಡು ಬಕೆಟ್ ತುಂಬಿಸಿಕೊಂಡು ಬಂದಿದ್ದೆ. ಗಂಜಿ ಇನ್ನೇನು ಹದಕ್ಕೆ ಬಂತು ಅನ್ನುವಾಗ ಫೋನು ಬಡಿದುಕೊಂಡಿತು. ನಾನು ಕೆಲಸಕ್ಕಿರುವ ಮನೆಯ ಯಜಮಾನಿ, ಖಾನಂ.

"ಕಮ್ಶಾತ್! ತಕ್ಷಣ ಹೊರಟು ಬಾ! ಬೆವರ್ತಾ ಇದೆ!"

"ಯಾರು, ಖಾನಂ? ರಾಬಿಗಾ ಅಪಾನಾ?"

"ಅತ್ತೆಗೇನಾಗಿದೆ? ಗುಂಡುಕಲ್ಲಿನ ಹಾಗೆ ಕೂತು ಮೂರನೇ ಬಟ್ಟಲು ಚಹಾ ಕುಡೀತಿದ್ದಾರೆ. ಬ್ಯಾಗು ಕಣೇ, ಬ್ಯಾಗು!"

ಫೋನು ಇಟ್ಟರು. ನಾನು ಅಂಟು ಕೈ ತೊಳೆದುಕೊಂಡೆ. ಇಂಕಾರಳ ಅಪ್ಪ ಪಶ್ಚಿಮದ ಎಣ್ಣೆಬಾವಿಯಲ್ಲಿ ದುಡಿಯುತ್ತಾನೆ, ಮೂರು ತಿಂಗಳಿಗೊಮ್ಮೆ ಬರುತ್ತಾನೆ. ಮಗಳನ್ನು ಬಿಟ್ಟುಹೋಗಲು ಯಾರೂ ಇರಲಿಲ್ಲ. ಕೈ ಹಿಡಿದುಕೊಂಡು ಬಸ್ಸು ಹತ್ತಿದೆ.

ನಮ್ಮ ಆಲ್ಮಾಟಿ ನಗರದಲ್ಲಿ ಮೇಲೆ, ಬೆಟ್ಟದ ಕಡೆ ಇರುವವರು ಉಳ್ಳವರು. ಕೆಳಗಿರುವವರು ನಾವು. ಬಸ್ಸು ಏದುಸಿರು ಬಿಡುತ್ತಾ ಏರಿತು.

"ಅಮ್ಮಾ, ಬ್ಯಾಗು ಹೆಂಗೆ ಬೆವರುತ್ತೆ?"

"ಗೊತ್ತಿಲ್ಲ ಮಗಳೇ. ದೊಡ್ಡೋರ ಬ್ಯಾಗು, ಏನ್ ಬೇಕಾದ್ರೂ ಮಾಡುತ್ತೆ."

"ಅದಕ್ಕೆ ಜ್ವರ ಬಂದಿದೆಯಾ? ಥರ್ಮಾಮೀಟರ್ ಎಲ್ಲಿ ಇಡ್ತಾರೆ?"

"ಇಂಕಾರ್, ಆ ಮನೇಲಿ ಏನೂ ಕೇಳ್ಬಾರದು. ಕೇಳ್ಬೇಕು ಅನ್ನಿಸಿದ್ರೆ ಬಾಯಿಗೆ ಕೈ ಇಟ್ಕೋ, ಆಯ್ತಾ?"

ಆಗಲೇ ಬಾಯಿಗೆ ಕೈ ಇಟ್ಟುಕೊಂಡಳು. ಇಳಿಯುವ ತನಕ ತೆಗೆಯಲಿಲ್ಲ. ಎಷ್ಟು ಪ್ರಶ್ನೆ ಇದ್ದವೋ ಪಾಪ.

ಮರ್ಜಿಯಾ ಖಾನಂ ಮನೆಯಲ್ಲಿ ನಾನು ಕೆಲಸಕ್ಕಿದ್ದು ನಾಲ್ಕು ವರ್ಷವಾಯಿತು. ಆ ಬ್ಯಾಗು ಬಂದು ಎಂಟು ತಿಂಗಳು. ಆದರೆ ಮನೆಯಲ್ಲಿ ಅದರ ಹಿರಿತನವೇ ಹೆಚ್ಚು. ಅದಕ್ಕೆ ಮಲಗಲು ಬಿಳಿ ಹತ್ತಿಬಟ್ಟೆಯ ಗವಸು. ಹೊಟ್ಟೆ ಬತ್ತಬಾರದೆಂದು ಒಳಗೆ ಮೆತ್ತನೆ ಕಾಗದ. ಹಿಡಿಕೆಗೆ ಬೆವರು ತಾಗಬಾರದೆಂದು ರೇಷ್ಮೆ ವಸ್ತ್ರ. ಕಾರಿನಲ್ಲಿ ಮುಂದಿನ ಸೀಟು ಅದರದು, ಬೆಲ್ಟ್ ಹಾಕಿಯೇ ಕೂರಿಸಬೇಕು. ನಾನು ಹಿಂದೆ ಈರುಳ್ಳಿ ಮೂಟೆಯ ಪಕ್ಕ ಕೂರುತ್ತೇನೆ. ನನಗೂ ಮೂಟೆಗೂ ಬೆಲ್ಟ್ ಇಲ್ಲ.

ಬ್ಯಾಗನ್ನು ನೆಲಕ್ಕಿಟ್ಟರೆ ದುಡ್ಡು ಓಡಿಹೋಗುತ್ತದೆ ಎಂಬುದು ನಮ್ಮವರೆಲ್ಲರ ನಂಬಿಕೆ. ನಮ್ಮ ಕೋಣೆಯಲ್ಲೂ ನಾನು ಚೀಲ ನೆಲಕ್ಕಿಡುವುದಿಲ್ಲ. ದುಡ್ಡು ಓಡಿಹೋದದ್ದನ್ನು ನೋಡಿಲ್ಲ, ನಿಜ, ಬಂದದ್ದನ್ನೂ ನೋಡಿಲ್ಲ.

ನಿನ್ನೆ ಸಂಜೆ ಖಾನಂ ಮೈದುನನ ಮಗನ ಮದುವೆಯ ಔತಣವಿತ್ತು. ಅಲ್ಲಿ ಬ್ಯಾಗಿಗೊಂದು ಕುರ್ಚಿ, ಅದರ ಹಿಂದೆ ಕಾವಲಿಗೆ ನಾನು, ನಿಂತುಕೊಂಡು. ಕುಣಿತ ಶುರುವಾದಾಗ ಖಾನಂ ಹೈಹೀಲ್ಡ್ ಬಿಚ್ಚಿ, "ಕಾರಲ್ಲಿ ಚಪ್ಪಟೆ ಚಪ್ಪಲಿ ಇದೆ, ಓಡಿಹೋಗಿ ತಾ" ಅಂದರು. ಓಡಿಹೋಗಿ ತಂದೆ. ಅಷ್ಟೇ ನಾನು ಮಾಡಿದ್ದು.

ಮನೆಯೊಳಗೆ ಹೋದರೆ, ಊಟದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ ಬ್ಯಾಗನ್ನು ಅಂಗಾತ ಮಲಗಿಸಿದ್ದರು. ಬಾಯಿ ತೆರೆದುಕೊಂಡಿತ್ತು. ಪಕ್ಕದಲ್ಲಿ ಅದರ ಹೊಟ್ಟೆಯಿಂದ ತೆಗೆದದ್ದೆಲ್ಲ ಸಾಲಾಗಿ: ಕುದುರೆ ಮಾಂಸ ತುಂಬಿ ಬೇಯಿಸಿದ ಕರುಳು ಒಂದು ಮೊಳ, ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬೌರ್ಸಾಕ್ ಹದಿನೈದು ಇಪ್ಪತ್ತು, ಒಣ ಮೊಸರಿನ ಉಂಡೆಗಳು, ಹಿಡಿ ತುಂಬ ಚಾಕಲೇಟು. ಎಲ್ಲವನ್ನೂ ಯಾರೋ ಕಾಗದದ ಕರವಸ್ತ್ರಗಳಲ್ಲಿ ಸುತ್ತಿ ಒಳಗೆ ತುರುಕಿದ್ದರು. ಕೊಬ್ಬು ರಾತ್ರಿಯೆಲ್ಲ ಕರಗಿ ಬ್ಯಾಗಿನ ಕೆನ್ನೆಯ ಮೇಲೆ ಹೊಳೆಯುತ್ತಿತ್ತು.

"ನೋಡು! ನೋಡು ನಿನ್ನ ಕಾವಲು!" ಖಾನಂ ಕಣ್ಣು ಊದಿತ್ತು.

ರಾಬಿಗಾ ಅಪಾ ಬಟ್ಟಲಿನಿಂದ ತಲೆ ಎತ್ತಿದರು. ಅವರು ಖಾನಂ ಅತ್ತೆ; ಹಿರಿಯರೆಂದು ನಾವೆಲ್ಲ ಅಪಾ ಅನ್ನುತ್ತೇವೆ. ಹಳ್ಳಿಯಿಂದ ಮದುವೆಗೆಂದು ಬಂದವರು.

"ಅವಳನ್ಯಾಕೆ ಬೈತೀಯಾ ಸೊಸೆ? ನಾನಿಟ್ಟಿದ್ದು. ಔತಣದಲ್ಲಿ ಉಳಿದಿದ್ದನ್ನ ಮನೆಗೆ ತರದಿದ್ರೆ ಹಿರೀಕರ ಆಶೀರ್ವಾದಾನ ಅಲ್ಲೇ ಎಂಜಲಿಗೆ ಬಿಟ್ಟಂಗೆ. ಎಲ್ಲರೂ ತುಂಬ್ಕೋತಿದ್ರು. ನೋಡಿದ್ರೆ ನಿನ್ನ ಚೀಲ ಕುರ್ಚಿ ಮೇಲೆ ಖಾಲಿ ಕೂತಿತ್ತು, ಮದುವೆಗೆ ಬಂದ ಸೋಮಾರಿ ನೆಂಟನ ಥರ. ಏನಾದ್ರೂ ಕೆಲಸ ಮಾಡ್ಲಿ ಅಂತ ತುಂಬಿದೆ."

"ಅದು ಚೀಲ ಅಲ್ಲ ಅತ್ತೆ, ಬ್ಯಾಗು."

"ಕೈ ಹಾಕಿದ್ರೆ ಒಳಗೆ ಹೋಯ್ತಪ್ಪ. ಚೀಲಾನೇ. ನಮ್ಮನೇಲಿ ಕುದುರೆ ಮೇಲೆ ಹಾಕೋ ಜೋಡುಚೀಲ ಇತ್ತು. ನಲವತ್ತು ಚಳಿಗಾಲ ತಡೀತು. ಒಂದು ಕಡೆ ಉಪ್ಪು, ಇನ್ನೊಂದು ಕಡೆ ನಿನ್ನ ಗಂಡ. ಆರು ತಿಂಗಳ ಕೂಸು. ಎರಡೂ ಒಂದೇ ತೂಕ. ಆ ಚೀಲ ಒಂದಿನಾನೂ ಬೆವರಲಿಲ್ಲ, ನಿನ್ನ ಗಂಡ ಮಾತ್ರ ಒಳಗೇ ಎಲ್ಲಾ ಮಾಡ್ತಿದ್ದ."

ಅತ್ತೆಗೆ ಎದುರು ಮಾತಾಡುವ ಸೊಸೆ ನಮ್ಮಲ್ಲಿ ಇಲ್ಲ; ಇದ್ದರೆ ಊರಿಗೆಲ್ಲ ಸುದ್ದಿಯಾಗುತ್ತದೆ. ನಮ್ಮೂರಲ್ಲಿ ನೀರು ಬೆಟ್ಟದಿಂದ ಕೆಳಕ್ಕೆ ಹರಿಯುತ್ತದೆ. ಸಿಟ್ಟೂ ಅಷ್ಟೇ. ಹರಿದು ಬಂದು ನನ್ನ ಕಾಲ ಬುಡದಲ್ಲಿ ನಿಂತಿತು.

"ನೀನು ಬಿಟ್ಟು ಹೋಗಿದ್ದಕ್ಕೆ ಹೀಗಾಯ್ತು."

"ಚಪ್ಪಲಿ ತರೋಕೆ ನೀವೇ ಕಳಿಸಿದ್ರಿ ಖಾನಂ."

"ಬ್ಯಾಗು ತಗೊಂಡು ಹೋಗ್ಬೇಕಿತ್ತು!"

"ನಾನು ಮುಟ್ಟಬಾರದು ಅಂದಿದ್ರಿ. ಕೈ ಒರಟು ಅಂತ."

ಅಷ್ಟರಲ್ಲಿ ಚರ್ಮದ ಬ್ಯಾಗು ರಿಪೇರಿ ಮಾಡುವವನ ಫೋನು ಬಂತು. ಖಾನಂ ಸ್ಪೀಕರ್ ಹಾಕಿದರು. ಆತ ಡಾಕ್ಟರ ಹಾಗೆ ಮೆಲ್ಲಗೆ ಮಾತಾಡಿದ. ಒದ್ದೆ ಬಟ್ಟೆ ತಾಗಿಸಬೇಡಿ. ಬಿಸಿಲಿಗಿಡಬೇಡಿ. ಸೀಮೆಸುಣ್ಣದ ಪುಡಿ ಉದುರಿಸಿ. ಫ್ಯಾನು ಬೇಡ, ಚರ್ಮ ಬಿರಿಯುತ್ತೆ, ಕೈಯಲ್ಲೇ ಮೆತ್ತಗೆ ಗಾಳಿ ಬೀಸಿ. ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಇವತ್ತು, ನಾಳೆ ಎರಡು ದಿನ ಯಾರಾದರೂ ಪಕ್ಕದಲ್ಲೇ ಇರಬೇಕು.

"ಗಂಜಿ ಕುಡಿಸಬಹುದೇನಪ್ಪ?" ಎಂದು ಅಪಾ ಕೇಳಿದರು. ಖಾನಂ ಫೋನು ಕಟ್ ಮಾಡಿದರು.

"ಕೇಳಿಸ್ತಲ್ಲ ಕಮ್ಶಾತ್? ನಾಳೆ ಏಳಕ್ಕೇ ಬಾ."



"ಖಾನಂ, ನಾಳೆ ಮಗಳನ್ನ ಶಾಲೆಗೆ ಕರ್ಕೊಂಡು ಹೋಗ್ಬೇಕು. ಮೊದಲ ದಿನ. ಜೂನ್‌ನಲ್ಲೇ ರಜೆ ಕೇಳಿದ್ದೆ, ನೀವು ಹೂಂ ಅಂದಿದ್ರಿ."

"ಆಗ ಬ್ಯಾಗು ಚೆನ್ನಾಗಿತ್ತು."

"ಬೆಳಗ್ಗೆ ಬರೀ ಎರಡು ತಾಸು ಖಾನಂ. ಎಲ್ಲಾ ಮಕ್ಕಳ ಅಮ್ಮಂದಿರೂ ಬಂದಿರ್ತಾರೆ."

"ನಿನ್ನ ಮಗಳು ಇನ್ನೂ ಹನ್ನೊಂದು ವರ್ಷ ಶಾಲೆಗೆ ಹೋಗ್ತಾಳೆ. ಒಂದಿನ ನೀನಿಲ್ದಿದ್ರೆ ಏನು ಮುಳುಗಿ ಹೋಗುತ್ತೆ? ನಂಗೆ ಇರೋದು ಇದೊಂದೇ ಬ್ಯಾಗು."

ನನ್ನ ಕಣ್ಣು ತಾನಾಗಿಯೇ ಗಾಜಿನ ಕಪಾಟಿನ ಕಡೆ ಹೋಯಿತು. ಅಲ್ಲಿ ಏಳು ಕೂತಿದ್ದವು.

"ಈ ಬಣ್ಣದ್ದು ಒಂದೇ," ಎಂದರು ಖಾನಂ. "ಡ್ರೈವರ್ ಎರ್ಮೆಕ್ ಇದ್ದಾನಲ್ಲ, ಅವನು ನಿನ್ನ ಮಗಳನ್ನ ಬಿಟ್ಟು ಬರ್ತಾನೆ. ಮೊದಲ ದಿನ ಟೀಚರ್‌ಗೆ ಕೊಡೋ ಹೂವೂ ಅವನೇ ಕೊಡ್ತಾನೆ."

ಇಂಕಾರ್ ಈಗ ಎರಡೂ ಕೈಗಳಿಂದ ಬಾಯಿ ಒತ್ತಿ ಹಿಡಿದಿದ್ದಳು. ಕಣ್ಣು ಮಾತ್ರ ನನ್ನ ಮೇಲಿತ್ತು. ಆಗೋಲ್ಲ ಅನ್ನಬಹುದಿತ್ತು. ಹಾಗಂದರೆ ಸೋಮವಾರ ಕೆಳಗಿನಿಂದ ನನ್ನ ಬದಲಿಗೆ ಇನ್ನೊಬ್ಬಳು ಬಸ್ಸು ಹತ್ತುತ್ತಾಳೆ. ಅವಳಿಗೂ ಒಂದು ಮಗು ಇರುತ್ತದೆ. ನಾನು ಬೀಸಣಿಗೆ ತೆಗೆದುಕೊಂಡು ಕೂತೆ. ಕೂತೆ ಅಂದೆನೇ? ಇಲ್ಲ, ನಿಂತೆ. ಕುರ್ಚಿಯಲ್ಲಿ ಕೂತರೆ ಗಾಳಿ ವಾರೆಯಾಗಿ ಬೀಳುತ್ತದಂತೆ.

ಹತ್ತು ಗಂಟೆಗೆ ಖಾನಂ ಗೆಳತಿಯರಿಬ್ಬರು ಕೇಕ್ ಹಿಡಿದು ಬಂದರು. ಸಾವಿನ ಮನೆಗೆ ಬಂದವರಂತೆ ಬಾಗಿಲಲ್ಲೇ ಖಾನಂ ಅವರನ್ನು ಅಪ್ಪಿಕೊಂಡರು.

"ಯಾವಾಗ ಗೊತ್ತಾಯ್ತು ಮರ್ಜಿಯಾ?"

"ಬೆಳಗ್ಗೆ ಆರಕ್ಕೆ. ಗವಸು ತೆಗೆದೆ. ವಾಸನೆ."

"ಅಯ್ಯೋ. ಗಟ್ಟಿ ಮನಸ್ಸು ಮಾಡ್ಕೋ. ಮುಂದೆ ಒಳ್ಳೇದಾಗ್ಲಿ."

ಅಪಾ ನನ್ನ ಕಿವಿಯ ಹತ್ತಿರ ಬಾಗಿದರು. "ನಮ್ಮ ಮುದುಕ ಸತ್ತಾಗ ಇವರಿಬ್ಬರೂ ಫೋನಲ್ಲೇ ಮುಗಿಸಿದ್ರು." ಆಮೇಲೆ ಮೇಜಿನ ಮೇಲಿದ್ದ ಕರುಳನ್ನು ಎಳೆದುಕೊಂಡು, ಚಾಕು ತೆಗೆದು, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸತೊಡಗಿದರು. ಒಂದು ಬಿಲ್ಲೆ ಇಂಕಾರಳಿಗೆ, ಒಂದು ನನ್ನ ಬಾಯಿಗೆ ನೇರವಾಗಿ. "ತಿನ್ನು. ಆಶೀರ್ವಾದ ಬ್ಯಾಗಿಗೆ ಸಲ್ಲದಿದ್ರೆ ಮನುಷ್ಯರಿಗಾದ್ರೂ ಸಲ್ಲಲಿ."

ಗೆಳತಿಯರಲ್ಲಿ ಸೌಲೆ ಅನ್ನುವವಳು ಮಗಳನ್ನು ನೋಡಿದಳು. "ಯಾರಿದು ಪುಟ್ಟಿ? ಶಾಲೆಗೆ ಸೇರ್ತೀಯಾ? ಓದೋಕೆ ಬರುತ್ತಾ?"

ಇಂಕಾರ್ ಮತ್ತೆ ಬಾಯಿಗೆ ಕೈ ಇಟ್ಟುಕೊಂಡು ತಲೆ ಆಡಿಸಿದಳು.

"ಬಾಯಿಂದ ಕೈ ತೆಗೆದು ಓದೇ ನನ್ನ ಮುದ್ದು ಒಂಟೆಮರಿ," ಅಂದರು ಅಪಾ. "ಈ ಮನೇಲಿ ಓದೋ ಅಂಥದ್ದು ಏನಾದ್ರೂ ಇದ್ರೆ."

ಇದ್ದದ್ದು ಒಂದೇ. ಕಪಾಟಿನ ಬಾಗಿಲಿಗೆ ಖಾನಂ ಅಂಟಿಸಿದ್ದ ಹಾಳೆ. ಬ್ಯಾಗನ್ನು ನೋಡಿಕೊಳ್ಳುವ ನಿಯಮಗಳು. ನನಗೆ ಅರ್ಥವಾಗಲೆಂದು ದಪ್ಪ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿಸಿದ್ದರು. ಇಂಕಾರ್ ಅದರ ಮುಂದೆ ನಿಂತು ಬೆರಳಿಟ್ಟು ಓದಿದಳು.

"ಒಂದು ದಿನ ಬಳಸಿದರೆ... ಮಾರನೆಯ ದಿನ... ವಿಶ್ರಾಂತಿ ಕೊಡಬೇಕು."

"ನಿಜ ನಿಜ," ಅಂದಳು ಸೌಲೆ. "ನಾನು ಕೊಡೋದೇ ಇಲ್ಲ. ಎಷ್ಟು ಕಲ್ಲು ಹೃದಯ ನೋಡು ನಂದು."

"ಶಕ್ತಿ ಮೀರಿ... ಭಾರ ಹೊರಿಸಬಾರದು."

"ಪಾಪ," ಅಂದಳು ಇನ್ನೊಬ್ಬಳು.

"ಬಿಸಿಲಲ್ಲಿ ಮಳೆಯಲ್ಲಿ... ಹೊರಗೆ ಒಯ್ಯಬಾರದು. ತುಂಬ ಹೊತ್ತು... ನಿಲ್ಲಿಸಬಾರದು. ಬಳಲಿದಂತೆ ಕಂಡರೆ... ಮಲಗಿಸಬೇಕು. ವರ್ಷಕ್ಕೊಮ್ಮೆ... ತಜ್ಞರಿಗೆ ತೋರಿಸಬೇಕು."

ಕಾರಿನ ಕೀ ತೆಗೆದುಕೊಳ್ಳಲು ಬಂದಿದ್ದ ಎರ್ಮೆಕ್ ಬಾಗಿಲಲ್ಲೇ ನಿಂತು ಕೇಳುತ್ತಿದ್ದ. ಹತ್ತು ವರ್ಷ ಸ್ಟೇರಿಂಗ್ ಹಿಡಿದು ಅವನ ಸೊಂಟ ಹೋಗಿದೆ. "ಆ ಮಲಗಿಸೋದನ್ನ ಇನ್ನೊಂದ್ಸಲ ಓದು ಪುಟ್ಟಿ," ಅಂದ.

ಅವಳು ಇನ್ನೊಂದು ಸಲ ಓದಿದಳು. ಅಪಾ ಚಾಕು ಕೆಳಗಿಟ್ಟರು. ನನ್ನ ಬೀಸಣಿಗೆ ಯಾವಾಗ ನಿಂತಿತೋ ನನಗೇ ಗೊತ್ತಾಗಲಿಲ್ಲ.

"ಬೀಸು ಕಮ್ಶಾತ್," ಅಂದರು ಖಾನಂ.

ನಾನು ಬೀಸಲಿಲ್ಲ. ಬೀಸಣಿಗೆಯನ್ನು ಬ್ಯಾಗಿನ ಹೊಟ್ಟೆಯ ಮೇಲೆ ಇಟ್ಟೆ. ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ.

ಇಂಕಾರ್ ಹಾಳೆಯನ್ನು ಮೇಲಿಂದ ಕೆಳಗೆ, ಮತ್ತೆ ಕೆಳಗಿಂದ ಮೇಲೆ ಹುಡುಕಿದಳು. ತಿರುಗಿ ನನ್ನನ್ನು ನೋಡಿದಳು. ಕೈ ಬಾಯಿಯ ಕಡೆ ಹೊರಟಿತ್ತು. ಬೇಡ ಅನ್ನುವಂತೆ ಕಣ್ಣು ಮಾಡುವುದು ನನ್ನ ಅಭ್ಯಾಸ. ಈ ಸಲ ಮಾಡಲಿಲ್ಲ. ಅವಳ ಕೈ ಅರ್ಧದಲ್ಲೇ ಕೆಳಗಿಳಿಯಿತು. ಖಾನಂ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, ಶಾಲೆಯಲ್ಲಿ ಪಾಠ ಒಪ್ಪಿಸುವ ಧ್ವನಿಯಲ್ಲಿ ಕೇಳಿದಳು:

"ಖಾನಂ, ಬ್ಯಾಗು ನಿನ್ನೆ ಕೆಲ್ಸ ಮಾಡ್ತು, ಅದಕ್ಕೆ ಇವತ್ತೂ ರಜೆ, ನಾಳೆನೂ ರಜೆ. ನಮ್ಮಮ್ಮ ದಿನಾ ಕೆಲ್ಸ ಮಾಡ್ತಾಳಲ್ಲ, ಅವಳ ರಜೆ ಯಾವ ಸಾಲಲ್ಲಿದೆ?"