ಸಿಗರೇಟು ಬಿಟ್ಟ ಹನ್ನೆರಡನೇ ದಿನ

ತಮ್ಮ ಸಿಗರೇಟು ಬಿಟ್ಟು ಹನ್ನೆರಡು ದಿನವಾಗಿತ್ತು. ಹೊಲಿಗೆ ಅಂಗಡಿಗೆ ಬಂದವರಿಗೆಲ್ಲ ಅಳತೆ ತೆಗೆಯುತ್ತಲೇ ಅಕ್ಕ ಈ ಸುದ್ದಿ ಹೇಳಿ ಮುಗಿಸಿದ್ದಳು. ದಿನಕ್ಕೆ ಇಪ್ಪತ್ತು ಸೇದುತ್ತಿದ್ದವನನ್ನು ಬೇಡಿ, ಬೈದು, ತಾನೇ ಊಟ ಬಿಟ್ಟು ಹೆದರಿಸಿ ದಾರಿಗೆ ತಂದವಳು ಅವಳು. ಹೇಳಿಕೊಳ್ಳದೆ ಇರಲು ಅವಳೇನು ಸನ್ಯಾಸಿನಿಯೇ?

ಆದರೆ ಆ ಬೆಳಿಗ್ಗೆ, ಹೊಲಿದ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದ ತಮ್ಮನ ಕೈ ಇದ್ದಕ್ಕಿದ್ದಂತೆ ಜಿಗಿಯಿತು. ಇಸ್ತ್ರಿಪೆಟ್ಟಿಗೆ ಧಡ್ಡನೆ ನೆಲಕ್ಕೆ ಬಿತ್ತು. ಅವನು ಅದನ್ನೇ ನೋಡುತ್ತಾ ನಿಂತ. ಜೊಲ್ಲು ಇಳಿದು ಕಾಲರು ಒದ್ದೆಯಾಗಿತ್ತು. ವಾರದಿಂದ ಹೀಗೇ: ಕೂತಲ್ಲೇ ತೂಕಡಿಕೆ, ಎದ್ದರೆ ತಲೆಸುತ್ತು, ಕಕ್ಕಸಿಗೆ ಹೋಗಿ ನಾಲ್ಕು ದಿನ.

ಆರು ವರ್ಷದ ಹಿಂದೆ ಅವನ ಮನಸ್ಸಿನ ಕಾಯಿಲೆಯೂ ಹೀಗೇ ಮಂಕಾಗಿ ಶುರುವಾಗಿ, ಗೋಡೆಯೊಳಗಿಂದ ದನಿಗಳು ಬೈಯುತ್ತವೆ ಎನ್ನುವಲ್ಲಿಗೆ ಮುಟ್ಟಿತ್ತು. ಮೂರು ಔಷಧ ಸೋತ ಮೇಲೆ ಕೈಹಿಡಿದದ್ದು ಈಗ ನುಂಗುತ್ತಿರುವ ಈ ನಾಲ್ಕನೆಯದು. ಅದು ಬಿಳಿ ರಕ್ತಕಣಗಳನ್ನು ಕುಗ್ಗಿಸಬಹುದೆಂದು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಯೂ ಇತ್ತು. ಕಾಯಿಲೆ ಮರಳುತ್ತಿದೆ ಎಂದು ಹೆದರಿ, ಎರಡು ರಾತ್ರಿಯಿಂದ ಯಾರನ್ನೂ ಕೇಳದೆ ಅಕ್ಕ ಒಂದು ಮಾತ್ರೆ ಹೆಚ್ಚಿಗೆ ಕೊಟ್ಟಿದ್ದಳು. ಇವತ್ತು ಡಾಕ್ಟರಿಗೆ ಹೇಳಿ ಇನ್ನಷ್ಟು ಏರಿಸಿಕೊಂಡೇ ಬರುವುದೆಂದು ಅಂಗಡಿಗೆ ಬೀಗ ಹಾಕಿದಳು.

ಆಸ್ಪತ್ರೆಯಲ್ಲಿ ನರ್ಸ್ ಅವನ ನಾಡಿ ಹಿಡಿದಳು. ನಿಮಿಷಕ್ಕೆ ನೂರಿಪ್ಪತ್ತೆಂಟು.

“ಹೊಸದಾಗಿ ಏನಾದ್ರೂ ಬದಲಾಯ್ತಾ? ಬೇರೆ ಮಾತ್ರೆ, ಜ್ವರ?”

“ಏನಿಲ್ಲ ಸಿಸ್ಟರ್. ಒಳ್ಳೇದೇ ಆಗಿದೆ. ಸಿಗರೇಟು ಬಿಟ್ಟಿದ್ದಾನೆ.”

ಬರೆಯುತ್ತಿದ್ದ ನರ್ಸ್ ತಲೆಯೆತ್ತಿದಳು. “ನಮಗೆ ಯಾಕಮ್ಮಾ ಹೇಳ್ಲಿಲ್ಲ?”

“ಸೇದೋದು ಬಿಡೋಕೂ ಆಸ್ಪತ್ರೆ ಅಪ್ಪಣೆ ಬೇಕಾ?”

“ಈ ಮಾತ್ರೆ ತಗೊಳ್ಳೋರು ಹೇಳ್ಲೇಬೇಕು. ಸಿಗರೇಟಿನ ಹೊಗೆ ಈ ಔಷಧಾನ ಮೈಯಿಂದ ಬೇಗ ಖಾಲಿ ಮಾಡಿಸ್ತಿರುತ್ತೆ. ಹೊಗೆ ನಿಂತ್ರೆ ಅಷ್ಟೇ ಮಾತ್ರೆ ನುಂಗಿದ್ರೂ ರಕ್ತದಲ್ಲಿ ಏರ್ತಾ ಹೋಗುತ್ತೆ. ಫಿಟ್ಸ್ ಬರಬಹುದು, ಹೃದಯಕ್ಕೂ ಅಪಾಯ. ಬರೆದುಕೊಟ್ಟಷ್ಟೇ ತಾನೇ ಕೊಟ್ಟಿದ್ದು?”

ಉರಿಯುವ ಬೆಂಕಿಗೆ ಅಕ್ಕ ತಾನೇ ತುಪ್ಪ ಸುರಿದಿದ್ದಳು. ಹೌದು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ತಮ್ಮನ ಕೈ ತೊಡೆಯ ಮೇಲೆ ಮತ್ತೊಮ್ಮೆ ಜಿಗಿಯಿತು.

“ಒಂದು ಜಾಸ್ತಿ ಕೊಟ್ಟೆ. ಎರಡು ರಾತ್ರಿ.”

ನರ್ಸ್ ಡಾಕ್ಟರನ್ನು ಕರೆಯಲು ಓಡಿದಳು. ಗಳಿಗೆಯಲ್ಲಿ ಅವನನ್ನು ಮಂಚಕ್ಕೆ ಹತ್ತಿಸಿದರು, ಎದೆಗೆ ವೈರು ಅಂಟಿಸಿದರು, ರಕ್ತ ತೆಗೆದರು. ಎದೆಬಡಿತದ ಕಾಗದವನ್ನು ಡಾಕ್ಟರಮ್ಮ ನಿಧಾನವಾಗಿ ಓದಿದರು.

“ಫಿಟ್ಸ್ ಬರೋಕೆ ಮುಂಚೆ ಕರ್ಕೊಂಡು ಬಂದ್ರಲ್ಲ, ಅದೇ ಪುಣ್ಯ. ಇವತ್ತು ಇಲ್ಲೇ ಇರ್ಲಿ. ಮಾತ್ರೆ ಎಷ್ಟು ಇಳಿಸ್ಬೇಕು ಅಂತ ರಕ್ತ ನೋಡಿ ಹೇಳ್ತೀನಿ. ಪೂರ್ತಿ ನಿಲ್ಲಿಸೋದು ಬೇಡ, ಮತ್ತೆ ಸಿಗರೇಟೂ ಬೇಡ.” ಅವರು ಅವನತ್ತ ಬಾಗಿದರು. “ಇದೆಲ್ಲ ಯಾವಾಗ ಶುರುವಾಯ್ತು?”

“ವಾರದಿಂದ ಡಾಕ್ಟ್ರೇ, ಮೊದಲು ಜೊಲ್ಲು...” ಅಕ್ಕ ಅಭ್ಯಾಸಬಲದಿಂದ ಶುರುಮಾಡಿದಳು.

“ಅವರೇ ಹೇಳ್ಲಿ.”

ತಮ್ಮನ ನಾಲಿಗೆ ತೊಡರುತ್ತಿತ್ತು. “ಸಿಗರೇಟು ಬಿಟ್ಟ ನಾಲ್ಕನೇ ದಿನ. ಮಾತ್ರೆ ಜಾಸ್ತಿ ಆಗ್ತಿದೆ ಅನ್ನಿಸ್ತು.”

“ಮತ್ತೆ ಮನೇಲಿ ಯಾಕೆ ಹೇಳ್ಲಿಲ್ಲ?”

ಅವನು ಅಕ್ಕನನ್ನು ನೋಡಿದ. ಸಿಟ್ಟಿರಲಿಲ್ಲ, ಬರೀ ಆಯಾಸ.

“ಮೈಯಲ್ಲಿ ಏನೋ ಆಗ್ತಿದೆ ಅಂದಾಗೆಲ್ಲ ಕಾಯಿಲೆ ಬಂತು ಅಂತಾಳೆ. ಆಮೇಲೆ ಮಾತ್ರೆ ಏರುತ್ತೆ.”

ಅಕ್ಕ ಮಂಚದ ಅಂಚಿಗೆ ಕೂತು, “ಈಗ ಹೇಗಾಗ್ತಿದೆ?” ಎಂದು ಕೇಳಿದಳು. ಅವನು ಮಾತು ಹುಡುಕತೊಡಗಿದ. ಬಹಳ ಹೊತ್ತು ಹಿಡಿಯಿತು. ಅವನ ಬದಲು ತಾನು ಹೇಳದೆ ಅವಳು ಕಾದಳು.