ಕ್ಲಿಪ್ಪು ನುಂಗಿದ ಅಧ್ಯಾಯ

ಹೊಸ ಪುಸ್ತಕಗಳ ಬಗ್ಗೆ ವಾರಪತ್ರಿಕೆಗೆ ಅಂಕಣ ಬರೆಯುವ ನಾನು ಓದುವುದು ಮಾತ್ರ ಕುಕ್ಕರಿನ ಸೀಟಿಗಳ ನಡುವೆ. ಎದ್ದುಹೋದಾಗ ಪುಟ ತಪ್ಪಬಾರದೆಂದು ಬಟ್ಟೆ ಒಣಹಾಕುವ ಕ್ಲಿಪ್ಪನ್ನೇ ಸಿಕ್ಕಿಸಿಡುತ್ತೇನೆ. ನಾನು ಓದಿ ಬರೆದಾದ ಮೇಲೆ ಪುಸ್ತಕ ಅತ್ತೆಯ ಕೈಗೆ ಹೋಗುತ್ತದೆ.

ಆ ಗುರುವಾರ ಬೀನ್ಸ್ ನಾರು ತೆಗೆಯುತ್ತಿದ್ದೆ. ಅತ್ತೆ ಕನ್ನಡಕ ಹಣೆಗೇರಿಸಿಕೊಂಡು ಬಾಗಿಲಲ್ಲಿ ನಿಂತರು.

"ಅಲ್ವೇ, ಈ ಕಾದಂಬರೀಲಿ ಮನೆ ಬಿಟ್ಟು ಹೋದ ಅಕ್ಕನ್ನ ಲೇಖಕಿ ಮರೆತೇಬಿಟ್ಟಿದ್ದಾರೆ ಅಂತ ಬರ್ದಿದ್ದೀಯಲ್ಲ?"

"ಹೌದತ್ತೆ. ಕೊನೇವರೆಗೂ ಅವಳ ಪತ್ತೆಯೇ ಇಲ್ಲ."

"ಪತ್ತೆ ಇಲ್ವಾ? ಹನ್ನೊಂದನೇ ಅಧ್ಯಾಯದ ತುಂಬಾ ಅವಳೇ! ಬಸ್ ಸ್ಟ್ಯಾಂಡಲ್ಲಿ ತಂಗಿ ಜಡೆ ಬಿಚ್ಚಿ ಮತ್ತೆ ಹೆಣೀತಾಳೆ. ಅತ್ತು ಅತ್ತು ನನ್ನ ಕರ್ಚೀಫೆಲ್ಲ ಒದ್ದೆ."

ಬೀನ್ಸ್ ಬಿಟ್ಟು ಪುಸ್ತಕ ತರಿಸಿಕೊಂಡು ತಿರುವಿ ನೋಡಿದೆ. ಹನ್ನೊಂದನೇ ಅಧ್ಯಾಯವನ್ನು ನಾನು ಓದಿಯೇ ಇರಲಿಲ್ಲ. ನಡುವೆ ಮಗಳಿಗೆ ಜ್ವರ ಬಂದು ಎರಡು ದಿನ ಪುಸ್ತಕ ಮುಟ್ಟಿರಲಿಲ್ಲ.

"ಪುಟ್ಟೀ, ಪುಸ್ತಕದ ಕ್ಲಿಪ್ಪು ತೆಗೆದಿದ್ಯಾ?"

"ಗೊಂಬೆ ಫ್ರಾಕ್ ಒಣಗಾಕೋಕೆ ತಗೊಂಡೆ. ವಾಪಸ್ ಹಾಕಿದೀನಲ್ಲಮ್ಮಾ."

"ಎಲ್ಲಿ ಹಾಕ್ದೆ ಕಂದಾ?"

"ಪುಸ್ತಕದಲ್ಲಿ!"

ಅವಳನ್ನು ಏನೆಂದು ಬೈಯಲಿ? ಇಪ್ಪತ್ತೆರಡು ಪುಟ ಹಾರಿದ್ದು ಗೊತ್ತಾಗದೆ ಓದಿಕೊಂಡು ಹೋದವಳು ನಾನು. ಸಾಲದ್ದಕ್ಕೆ ಅಂಕಣದಲ್ಲಿ, ತಂಗಿಯ ಮನಸ್ಸು ಇದ್ದಕ್ಕಿದ್ದಂತೆ ಹಗುರಾದದ್ದು ಹೇಗೆ ಎಂದು ಜಂಬದಿಂದ ಪ್ರಶ್ನೆ ಬೇರೆ ಕೇಳಿದ್ದೆ. ಅದು ಅಚ್ಚಾಗಿ ಮನೆ ಮನೆ ತಲುಪಿತ್ತು.

ಲೇಖಕಿ ಆಸ್ಪತ್ರೆಯಲ್ಲಿ ನರ್ಸ್. ಅದು ಅವರ ಮೊದಲ ಪುಸ್ತಕ. ಭಾನುವಾರ ಗ್ರಂಥಾಲಯದಲ್ಲಿ ಅದರ ಚರ್ಚೆ, ಮಾತಾಡಬೇಕಾದವಳು ನಾನೇ. ಒಪ್ಪಿಕೊಂಡರೆ ಅಂಕಣ ಕೈತಪ್ಪಬಹುದು. ಸುಮ್ಮನಿದ್ದರೆ ಅವರ ಪುಸ್ತಕದ ಮೇಲೆ ನನ್ನ ತಪ್ಪು ಕೂತೇ ಇರುತ್ತದೆ. ಮೂರು ದಿನ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯಲಿಲ್ಲ. ಅತ್ತೆ ಮಾತ್ರ ತಾವೇ ಉಪ್ಪು ಬಡಿಸಿಕೊಂಡು ಊಟ ಮಾಡಿದರು.

ಭಾನುವಾರ ಮೊದಲ ಸಾಲಿನಲ್ಲೇ ಪತ್ರಿಕೆಯ ಸಂಪಾದಕರು. ಎದ್ದು ನಿಂತೆ; ಬರೆದು ತಂದಿದ್ದ ಹಾಳೆ ಮಡಚಿ ಚೀಲಕ್ಕೆ ಹಾಕಿ ಕ್ಲಿಪ್ಪನ್ನು ಹೊರತೆಗೆದೆ. ಗೊಂಬೆಯ ಫ್ರಾಕನ್ನೂ ಬಿಡದೆ ಎಲ್ಲ ಹೇಳಿದೆ. "ಅಕ್ಕನ್ನ ಮರೆತಿದ್ದು ಲೇಖಕಿ ಅಲ್ಲ, ನಾನು. ಕ್ಷಮಿಸಿ," ಎಂದು ಕುಳಿತು ಮಗಳನ್ನು ಮಡಿಲಿಗೆಳೆದುಕೊಂಡೆ.

ಲೇಖಕಿ ನಗತೊಡಗಿದರು.

"ಮೇಡಂ, ಆ ಅಧ್ಯಾಯ ಕಥೇನ ಎಳೆಯುತ್ತೆ, ತೆಗೀರಿ ಅಂತ ಪ್ರಕಾಶಕರು ಹಟ ಹಿಡಿದಿದ್ರು. ಜಗಳ ಆಡಿ ಉಳಿಸ್ಕೊಂಡೆ. ಸರಿ ಮಾಡಿದ್ನಾ ಅಂತ ಇವತ್ತಿನವರೆಗೂ ಅನುಮಾನ ಇತ್ತು. ಅದಿಲ್ದೆ ಇಡೀ ಪುಸ್ತಕ ಓದಿದವರು ಪ್ರಪಂಚದಲ್ಲಿ ನೀವೊಬ್ರೇ. ಅದಿಲ್ದಿದ್ರೆ ಏನು ಕೊರತೆ ಅಂತ ಸಾಲು ಸಾಲಾಗಿ ಬರ್ದಿದ್ದೀರಿ. ನಿಮ್ಮ ಅಂಕಣದ ಪುಟ ಕತ್ತರಿಸಿ ಪ್ರಕಾಶಕರಿಗೇ ಕಳಿಸ್ತೀನಿ."

ಸಂಪಾದಕರು ಕೆಮ್ಮಿ, "ಇದನ್ನೇ ಮುಂದಿನ ವಾರಕ್ಕೆ ಬರ್ದುಕೊಡಿ. ಗೊಂಬೆ ಸಮೇತ," ಎಂದರು. ಅಂಕಣ ಉಳಿದಿತ್ತು.

ನನ್ನ ಹಿಂದಿನ ಸಾಲಿನಿಂದಲೇ ಅತ್ತೆಯ ದನಿ: "ಹಾಗಾದ್ರೆ ಆ ಅಧ್ಯಾಯಾನೇ ಓದಮ್ಮಾ. ನಮ್ಮ ಸೊಸೆ ಆಮೇಲೆ ಓದಿದ್ರೂ ಬೀನ್ಸ್ ಬಿಡಿಸ್ತಾ ಓದಿದ್ದು."

ಎಲ್ಲರೂ ನಕ್ಕರು. ಲೇಖಕಿ ಓದತೊಡಗಿದರು. ಸೀಟಿಯಿಲ್ಲ, ಬಾಗಿಲ ಬೆಲ್ಲಿಲ್ಲ, ಅಮ್ಮಾ ಎನ್ನುವವಳು ಮಡಿಲಲ್ಲೇ ನಿದ್ದೆಹೋಗಿದ್ದಳು. ಎಷ್ಟೋ ವರ್ಷಗಳ ಮೇಲೆ ಒಂದು ಇಡೀ ಅಧ್ಯಾಯಕ್ಕೆ ನಡುವೆ ಏಳದೆ ಕುಳಿತಿದ್ದೆ. ಅಕ್ಕ ತಂಗಿಯ ಜಡೆಗೆ ಕೈಯಿಟ್ಟಾಗ, ಹಿಂದಿನಿಂದ ಅತ್ತೆ ತಮ್ಮ ಕರ್ಚೀಫನ್ನು ನನ್ನ ಭುಜದ ಮೇಲೆ ಹಾಕಿದರು.