ಸೇನಾಪತಿಯ ಉಸಿರು

ಮೂರನೇ ಸಲವೂ ಚಿತ್ರ ವಾಪಸ್ಸು ಬಂತು. ನಮ್ಮ ಪ್ರಕಾಶನದ ಸಂಪಾದಕನಿಗೆ ನಾನಿಟ್ಟ ಹೆಸರು ಕೊಕ್ಕೆ. ಏನು ಬರೆದುಕೊಟ್ಟರೂ ಒಂದು ಕೊಕ್ಕೆ ಹಾಕದೆ ಬಿಡುವ ಜಾತಿಯಲ್ಲ. ಫೋನಿನಲ್ಲಿ ತಣ್ಣಗೆ ಹೇಳಿದ: "ಮೇಡಂ, ರಕ್ತ ಇದೆ, ಬಾಣ ಇದೆ, ಸಾಲದ್ದಕ್ಕೆ ಕಾಗೆ ಬೇರೆ ಕೂರ್ಸಿದೀರ. ಸಾವೇ ಇಲ್ಲ. ಸೇನಾಪತಿ ಸುಮ್ನೆ ಮಲಗಿದಾನೆ."

"ಮಲಗಿರೋನ ಎದೆಗೆ ಯಾರ್ರೀ ಮೂರು ಬಾಣ ಚುಚ್ತಾರೆ?" ಎಂದು ರೇಗಿದೆ.

"ನಾನೂ ಅದನ್ನೇ ಕೇಳ್ತಿರೋದು. ಮೂರು ಬಾಣ ಬಿದ್ರೂ ಯಾಕೆ ಸತ್ತಿಲ್ಲ? ಶುಕ್ರವಾರ ಮುಖಪುಟ ಅಚ್ಚಿಗೆ ಹೋಗ್ಬೇಕು. ಆಗಲ್ಲ ಅಂದ್ರೆ ಹೇಳ್ಬಿಡಿ, ಬೇರೆಯವರ ಕೈಲಿ ಮಾಡಿಸ್ತೀನಿ."

ಬೇರೆಯವರ ಕೈಯಲ್ಲಿ! ಅದಂತೂ ಆಗದ ಮಾತು. ಏಕೆಂದರೆ ಆ ಸೇನಾಪತಿ ನನ್ನ ಅಣ್ಣ.

ಅದು ಆರು ಸಂಪುಟಗಳ ಕಥೆ. ಬೆಂಕಿ ಉಗುಳುವ ಡ್ರ್ಯಾಗನ್, ಹಿಮದ ಕೋಟೆ, ಮಂತ್ರವಾದಿಗಳು, ಎಲ್ಲ ಉಂಟು. ಈವರೆಗಿನ ಐದೂ ಮುಖಪುಟಗಳಲ್ಲಿ ಸೇನಾಪತಿಗೆ ನಾನು ಕೊಟ್ಟದ್ದು ಅಣ್ಣನ ಮೂಗು, ಅಣ್ಣನ ಭುಜ. ಅವನು ಫ್ರಿಜ್ ರಿಪೇರಿ ಮಾಡುತ್ತಿದ್ದವನು. ನಾಲ್ಕು ನಾಲ್ಕು ಮಹಡಿ ಹೊತ್ತು ಹತ್ತಿಸಿ ಅಂಥ ಭುಜ ಬಂದಿತ್ತು. ಪ್ರತಿ ಭಾನುವಾರ ಬರುತ್ತಿದ್ದ. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ನೆಲ ಒರೆಸುವ ಕೋಲನ್ನು ಕತ್ತಿಯಂತೆ ಹಿಡಿದು, "ಎಲ್ಲಿ ಆ ಶತ್ರು, ಕಾಫಿ ಕುಡಿದು ಬರ್ತೀನಿ ಅಂತ ಹೇಳು" ಎನ್ನುತ್ತಿದ್ದ. ನಾನು ಯಾವ ಆಕೃತಿಯನ್ನೂ ಮನಸ್ಸಿನಿಂದ ಬರೆಯುವವಳಲ್ಲ. ಎದುರಿಗೆ ಒಂದು ದೇಹ ಇರಬೇಕು. ಹಾಗಾಗಿ ಯುದ್ಧದಲ್ಲಿ ಸಾಯುವ ಸೈನಿಕರೂ ಅವನೇ. ಕಿಟಕಿಯ ಪಕ್ಕದ ಚಾಪೆಯ ಮೇಲೆ "ಅಯ್ಯೋ, ಕೊಂದ್ರಪ್ಪೋ" ಎಂದು ಧೊಪ್ಪನೆ ಬೀಳುತ್ತಿದ್ದ. ನಾನು ಫೋಟೋ ತೆಗೆದು, ಬರೆದುಕೊಂಡು, "ಸಾಕು, ಏಳೋ" ಎನ್ನುವವರೆಗೆ ಮಿಸುಕುತ್ತಿರಲಿಲ್ಲ. ಒಮ್ಮೆ ಬಾಗಿಲಲ್ಲಿ ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತು ಮರೆತೇಬಿಟ್ಟಿದ್ದೆ. ಬಂದು ನೋಡಿದರೆ ಮೂಗಿನ ಮೇಲೆ ಇರುವೆ ಹರಿಯುತ್ತಿದೆ, ಇವನು ಸತ್ತೇ ಇದ್ದಾನೆ!

ಎಂಟು ತಿಂಗಳ ಹಿಂದೆ, ಒಂದು ಬೆಳಿಗ್ಗೆ, ಅತ್ತಿಗೆ ಆಸ್ಪತ್ರೆಯಿಂದ ಫೋನ್ ಮಾಡಿದರು. "ಎದೆನೋವು ಅಂದ್ರು, ಸೇರಿಸಿದೀವಿ, ಬೇಗ ಬಾ." ಐದನೇ ಸಂಪುಟದ ಆಕಾಶ ಅರ್ಧ ಆಗಿತ್ತು. ಬಣ್ಣ ಹಸಿ ಇರುವಾಗ ಬಿಟ್ಟೆದ್ದರೆ ಅಂಚು ಕಟ್ಟುತ್ತದೆ. "ಅರ್ಧ ಗಂಟೆ ಅತ್ತಿಗೆ, ಆಕಾಶ ಮುಗಿಸಿ ಬಂದೆ" ಎಂದೆ. ಆಕಾಶಕ್ಕೆ ಒಂದೂವರೆ ಗಂಟೆ ಹಿಡಿಯಿತು. ನಾನು ಹೋಗುವಷ್ಟರಲ್ಲಿ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಯಾರೋ "ನೋಡಮ್ಮ" ಎಂದರು. ನಾನು ನೋಡಲಿಲ್ಲ. ಹೇಗೆ ಹೋದ ಎಂದು ಅತ್ತಿಗೆಯನ್ನು ಆಮೇಲೂ ಕೇಳಿರಲಿಲ್ಲ.

ಆರನೇ ಸಂಪುಟದಲ್ಲಿ ಸೇನಾಪತಿ ಸಾಯುತ್ತಾನೆ. ಅಣ್ಣನ ಹಳೆಯ ಫೋಟೋಗಳನ್ನು ಎದುರಿಗಿಟ್ಟುಕೊಂಡೇ ಅದರ ಮುಖಪುಟ ಬರೆದಿದ್ದೆ.

ನಾನು ದೆವ್ವ ಭೂತ ನಂಬುವವಳಲ್ಲ. ಡ್ರ್ಯಾಗನ್ ಬರೆದು ಹೊಟ್ಟೆ ಹೊರೆಯುವವಳಿಗೆ ಅದಕ್ಕೆ ಪುರುಸೊತ್ತೂ ಇಲ್ಲ. ಆದರೆ ತಟ್ಟೆಯಲ್ಲಿ ಬಣ್ಣ ಕಲಸುವಾಗ ಕಡೆಗಣ್ಣಿಗೆ ಚಿತ್ರದೊಳಗಿನ ಅವನ ಎದೆ ಏರಿದ ಹಾಗೆ ಕಾಣುತ್ತಿತ್ತು. ತಿರುಗಿ ನೋಡಿದರೆ ಏನೂ ಇಲ್ಲ. ಕ್ಯಾನ್ವಾಸನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ಆಗ ಬೆನ್ನ ಹಿಂದೆ ಯಾರೋ ನಗು ತಡೆದುಕೊಂಡು ಬಿದ್ದಿರುವಂತೆ ಅನ್ನಿಸತೊಡಗಿತು. ಮತ್ತೆ ಈಚೆ ತಿರುಗಿಸಿದೆ. ಕಿಟಕಿಯ ಪಕ್ಕದ ಆ ಚಾಪೆಯನ್ನು ಎಂಟು ತಿಂಗಳಿಂದ ಸುತ್ತಿಡಲೂ ಇಲ್ಲ, ತುಳಿಯಲೂ ಇಲ್ಲ, ಬಳಸಿಕೊಂಡೇ ಓಡಾಡುತ್ತಿದ್ದೆ. ಭಯವಾಗುತ್ತಿತ್ತು, ಇನ್ನೇನು.

ಯಾರೋ ಹೊಸಬನ ಕೈಯಲ್ಲಿ ಅಣ್ಣ ಸಾಯುವುದಕ್ಕಿಂತ ಅತ್ತಿಗೆಯ ಕೈಯಲ್ಲಿ ಉಗಿಸಿಕೊಳ್ಳುವುದೇ ಮೇಲೆಂದು ಬುಧವಾರ ಮಧ್ಯಾಹ್ನ, ಅವನ ಸಾವನ್ನು ಕಣ್ಣಾರೆ ಕಂಡಿದ್ದ ಅವರನ್ನು ಕರೆಸಿದೆ. ಅತ್ತಿಗೆ ಬಂದವರೇ ಚಾಪೆಯನ್ನು ತುಳಿದುಕೊಂಡೇ ಹೋಗಿ ಚಿತ್ರದ ಎದುರು ನಿಂತರು.

"ಮೂಗು ಅವ್ರದ್ದೇ" ಎಂದರು. ತುಂಬ ಹೊತ್ತು ನೋಡಿದರು. ಆಮೇಲೆ ಹುಬ್ಬು ಗಂಟಿಕ್ಕಿ, "ಅಲ್ವೇ, ಇವ್ರು ಉಸಿರು ಹಿಡ್ಕೊಂಡಿದಾರಲ್ಲೇ!" ಎಂದರು.

"ಏನಂದ್ರಿ?"

"ನೋಡು, ಎದೆ ಹೇಗೆ ಉಬ್ಬಿದೆ. ಶನಿವಾರ ರಾತ್ರಿ ಊಟ ಆದ್ಮೇಲೆ ಮನೇಲಿ ಅಭ್ಯಾಸ ಮಾಡೋರು. ನಾಳೆ ಸಾಯೋದಿದೆ ಕಣೇ ಅಂತ ಉಸಿರೆಳ್ಕೊಂಡು ಬಿದ್ಕೊಳ್ಳೋರು. ನಾನು ಗಡಿಯಾರ ನೋಡ್ಬೇಕು."

ಫೋಟೋಗಳನ್ನೆಲ್ಲ ನೆಲದ ಮೇಲೆ ಹರಡಿದೆ. ಹೌದು. ಒಂದೊಂದರಲ್ಲೂ ಎದೆಯ ತುಂಬ ಗಾಳಿ, ಬಿಗಿದ ತುಟಿ. ಐದು ಸಂಪುಟಗಳ ಯುದ್ಧಭೂಮಿಯಲ್ಲಿ ನಾನು ಬರೆದ ಹೆಣಗಳೆಲ್ಲ ಉಸಿರು ಕಟ್ಟಿಕೊಂಡು, ನನ್ನ ಒಂದು ಮಾತಿಗಾಗಿ ಕಾದು ಬಿದ್ದಿದ್ದವು. ಕೊಕ್ಕೆ ಹೇಳಿದ್ದು ಸರಿಯಾಗಿಯೇ ಇತ್ತು, ಪಾಪಿ.

"ಅವನು ಹೋದಾಗ ಹೇಗಿತ್ತು ಅತ್ತಿಗೆ?" ಕೇಳಿಯೇಬಿಟ್ಟೆ.

ಅತ್ತಿಗೆ ಬೈಯಲಿಲ್ಲ. "ಉಸಿರು ಬಿಟ್ರು. ಇನ್ನೊಂದು ಎಳ್ಕೋತಾರೆ ಅಂತ ಕಾದೆ. ಎಳ್ಕೊಳ್ಳಲಿಲ್ಲ. ಅಷ್ಟೇ ಕಣಮ್ಮ" ಎಂದರು. ಆಮೇಲೆ, "ಬಾಯಲ್ಲಿ ಹೇಳಿದ್ರೆ ನಿಂಗೆ ಬರೆಯಕ್ಕಾಗಲ್ಲ, ಅಲ್ವಾ?" ಎಂದು ಚಾಪೆಯ ಮೇಲೆ ಅಂಗಾತ ಮಲಗಿಬಿಟ್ಟರು. "ಬೇಡ ಅತ್ತಿಗೆ" ಎನ್ನುವಷ್ಟರಲ್ಲಿ ಕಣ್ಣು ಮುಚ್ಚಿ, ಇದ್ದಬದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟರು.

ಎದೆ ಇಳಿಯಿತು. ಕತ್ತಿನ ಬುಡದಲ್ಲಿ ಗುಳಿ ಬಿತ್ತು. ತುಟಿ ತಾನಾಗಿ ಚೂರು ಬಿಚ್ಚಿಕೊಂಡಿತು, ಕೈಬೆರಳುಗಳು ಸಡಿಲವಾದವು. ನಾನು ಸೀಸದಕಡ್ಡಿ ಹಿಡಿದು ಗೀಚಿದೆ. ದರಿದ್ರ ಕೈ, ಅಂಥ ಹೊತ್ತಿನಲ್ಲೂ ಅದು ತನ್ನ ಕೆಲಸ ಬಿಡಲಿಲ್ಲ. ಗುಳಿ, ತುಟಿ, ಬೆರಳು. ತಲೆ ಎತ್ತಿ ನೋಡಿದರೆ ಅತ್ತಿಗೆ ಹಾಗೆಯೇ ಇದ್ದರು. ಎಷ್ಟು ಹೊತ್ತಾಗಿತ್ತು? ಮುಖದ ಬಣ್ಣ ಇಳಿಯುತ್ತಿತ್ತು.

"ಸಾಕು! ಏಳಿ ಅತ್ತಿಗೆ, ಏಳಿ!" ಎಂದು ಕಿರುಚಿಬಿಟ್ಟೆ.

ಅತ್ತಿಗೆ ಬಾಯಿತುಂಬ ಗಾಳಿ ಎಳೆದುಕೊಂಡು ಎದ್ದು ಕೂತರು. ಕೆಮ್ಮಿದರು. ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು.

"ಅವತ್ತು ನಾನೂ ಹೀಗೇ ಕೂಗಿದ್ದೆ" ಎಂದರು. "ಏಳಿ ಏಳಿ ಅಂತ. ಡಾಕ್ಟ್ರು ನನ್ನ ಹಿಡ್ಕೊಂಡ್ರು. ಆಗ ಒಂದು ಹುಚ್ಚು ಯೋಚನೆ ಬಂತು ನೋಡು. ನಾನು ಕೂಗಿದ್ರೆ ಎಲ್ಲಿ ಏಳ್ತಾರೆ, ತಂಗಿ ಹೇಳ್ಬೇಕು ಅಂತ. ನೀನು ಬರೋ ತನಕ ಅವ್ರ ಮುಖಕ್ಕೆ ಬಟ್ಟೆ ಹಾಕೋಕೆ ಬಿಡ್ಬಾರದು ಅಂತ ಜಗಳ ಆಡ್ದೆ. ಒಂದು ಗಂಟೆ ಆಡ್ದೆ ಕಣೇ."

ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಎಂಟು ತಿಂಗಳಿಂದ ಅತ್ತಿರಲಿಲ್ಲ. ಅವರು ನನ್ನ ಕೂದಲಿಗೆ ಹತ್ತಿದ್ದ ಬಣ್ಣ ಕೆರೆಯುತ್ತ ಕೂತರು.

ಗುರುವಾರ ಬೆಳಿಗ್ಗೆ ಚಾಪೆಯ ಮೇಲೇ ಕೂತು ಕೆಲಸ ಶುರು ಮಾಡಿದೆ. ಮೊದಲು ಕಾಗೆಗಳನ್ನು ಅಳಿಸಿದೆ, ಆಮೇಲೆ ಎರಡು ಬಾಣ. ಎದೆಯನ್ನು ಇಳಿಸಿದೆ, ಕತ್ತಿನ ಬುಡಕ್ಕೆ ನೆರಳು ಕೊಟ್ಟೆ. ಕತ್ತಿ ಹಿಡಿದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಕೊನೆಗೆ ಉಳಿದದ್ದು ತುಟಿ. ಕುಂಚದ ತುದಿಯಷ್ಟೇ ಅಗಲ ಅದನ್ನು ತೆರೆಯಬೇಕಿತ್ತು, ತೆರೆದೆ.

ಹಿಂದೆ ಸರಿದು ನೋಡಿದೆ. ಹೋದ ಮೇಲಿನ ಅವನ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

"ಸಾಕು ಕಣೋ" ಎಂದೆ. ಯಾವಾಗಲೂ ಅದರ ಜೊತೆಗೇ ಬರುತ್ತಿದ್ದ ಇನ್ನೊಂದು ಮಾತು ನಾಲಗೆಯ ತುದಿಗೆ ಬಂತು, ಹೇಳಲಿಲ್ಲ.